ಗಡಿಯಾಚೆಯ ಮ್ಯಾಟ್: ಗ್ರ್ಯಾಪ್ಲಿಂಗ್‌ಗಾಗಿ ವಿದೇಶಕ್ಕೆ ಹೋಗಲೇಬೇಕೇ?

2024ರ ಆಗಸ್ಟ್‌ನ ಒಂದೇ ವಾರಾಂತ್ಯದಲ್ಲಿ ಲಾಸ್ ವೇಗಸ್‌ನಲ್ಲಿ ಗ್ರ್ಯಾಪ್ಲಿಂಗ್‌ನ, ಅಂದರೆ ಹೊಡೆಯದೆ ಹಿಡಿದು ಸೋಲಿಸುವ ಸೆಣಸಾಟದ, ಎರಡು ದೊಡ್ಡ ಕೂಟಗಳು ಎದುರುಬದುರು ನಿಂತವು. ಒಂದು ಕಡೆ ಟಿ-ಮೊಬೈಲ್ ಅರೀನಾದಲ್ಲಿ ಎಡಿಸಿಸಿ (ಅಬುಧಾಬಿ ಕಾಂಬ್ಯಾಟ್ ಕ್ಲಬ್) ವಿಶ್ವ ಚಾಂಪಿಯನ್‌ಷಿಪ್. ಇನ್ನೊಂದು ಕಡೆ ಥಾಮಸ್ ಆ್ಯಂಡ್ ಮ್ಯಾಕ್ ಸೆಂಟರ್‌ನಲ್ಲಿ, ಆಸ್ಟ್ರೇಲಿಯಾದ ಕ್ರೇಗ್ ಜೋನ್ಸ್ ಹುಟ್ಟುಹಾಕಿದ ಕ್ರೇಗ್ ಜೋನ್ಸ್ ಇನ್ವಿಟೇಷನಲ್, ಅಂದರೆ ಸಿಜೆಐ. ಎಡಿಸಿಸಿಯಲ್ಲಿ ಪುರುಷರ ಒಂದು ತೂಕ ವಿಭಾಗ ಗೆದ್ದವರಿಗೆ ಆಗ ಸಿಗುತ್ತಿದ್ದದ್ದು 10,000 ಡಾಲರ್. ಸಿಜೆಐ ತನ್ನ ಎರಡು ವಿಭಾಗಗಳಲ್ಲಿ ಕಣಕ್ಕಿಳಿದವರಿಗೆಲ್ಲ, ಗೆಲ್ಲಲಿ ಸೋಲಲಿ, 10,001 ಡಾಲರ್ ಕೊಟ್ಟಿತು; ಎರಡೂ ವಿಭಾಗಗಳ ವಿಜೇತರಿಗೆ ತಲಾ 10 ಲಕ್ಷ ಡಾಲರ್. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಈ ದುಡ್ಡಿನದೇ ಮಾತು. ನನ್ನ ಗಮನ ಹೋದದ್ದು ಬೇರೆ ಕಡೆಗೆ. ಮ್ಯಾಟ್ ಮೇಲಿದ್ದವರ ಪಾಸ್‌ಪೋರ್ಟ್‌ಗಳು ಹಲವು ದೇಶಗಳವು. ಆದರೆ ಅವರು ದಿನನಿತ್ಯ ಬೆವರು ಹರಿಸುವ ಗರಡಿಗಳ ಪಟ್ಟಿ ಮಾಡಿದರೆ ಆಸ್ಟಿನ್, ಸ್ಯಾನ್ ಡಿಯೇಗೊ, ನ್ಯೂಯಾರ್ಕ್, ಮೆಲ್ಬರ್ನ್ ಎಂಬ ಕೆಲವೇ ಊರುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಇದನ್ನು ನೋಡಿದ ಯುವ ಸ್ಪರ್ಧಿಗೆ ಸಹಜವಾಗಿ ಅನ್ನಿಸುವುದೇನೆಂದರೆ, ತಾನೂ ಗಂಟುಮೂಟೆ ಕಟ್ಟಿ ಅಲ್ಲಿಗೆ ಹೋಗದೆ ಗತಿಯಿಲ್ಲ. ಕೆಲಸ ಬಿಟ್ಟು, ಉಳಿಸಿದ ಹಣ ಸುರಿದು, ಮೂರು ತಿಂಗಳು ಆಸ್ಟಿನ್‌ಗೋ ರಿಯೊಗೋ ಹೋಗಿಬರುವವರ ಸಂಖ್ಯೆ ಹೆಚ್ಚುತ್ತಿದೆ. ಅವರಲ್ಲಿ ಕೆಲವರ ಆಟ ಬದಲಾಗುತ್ತದೆ. ಹಲವರು ಸವೆದ ಮೊಣಕಾಲು, ಖಾಲಿ ಖಾತೆ, ಪ್ರಸಿದ್ಧರ ಜೊತೆ ತೆಗೆಸಿಕೊಂಡ ಫೋಟೊಗಳೊಂದಿಗೆ ಮರಳುತ್ತಾರೆ. ವಿದೇಶದಲ್ಲಿ ಕಲಿಯುವುದೂ ವಿದೇಶದಲ್ಲಿ ಸ್ಪರ್ಧಿಸುವುದೂ ಎರಡು ಬೇರೆ ಕೆಲಸಗಳು, ಎರಡಕ್ಕೂ ಬೇರೆ ಬೇರೆ ಸಿದ್ಧತೆ ಬೇಕು, ಎರಡನ್ನೂ ಒಂದೇ ಪ್ರವಾಸಕ್ಕೆ ತುರುಕಿದಾಗಲೇ ಹೆಚ್ಚಿನ ನಷ್ಟ ಆಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೂ ಮಿಗಿಲಾದ ಒಂದು ಸಂಗತಿಯಿದೆ: ಯಾರು ಹೋಗಬಹುದು ಎಂಬುದನ್ನು ಈಗ ಪ್ರತಿಭೆಗಿಂತ ಹೆಚ್ಚಾಗಿ ಪಾಸ್‌ಪೋರ್ಟ್ ತೀರ್ಮಾನಿಸುತ್ತಿದೆ.

ಈ ಕ್ರೀಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಸಬ್ಮಿಷನ್ ಗ್ರ್ಯಾಪ್ಲಿಂಗ್‌ನಲ್ಲಿ ಹೊಡೆತವಿಲ್ಲ, ಒದೆತವಿಲ್ಲ. ಎದುರಾಳಿಯನ್ನು ಕೆಡವಿ, ಹಿಡಿದು, ಕೀಲು ತಿರುಚುವ ಅಥವಾ ಕತ್ತಿನ ರಕ್ತನಾಳ ಒತ್ತುವ ಪಟ್ಟು ಹಾಕಿ ಅವನು ಸೋಲೊಪ್ಪಿ ತಟ್ಟುವಂತೆ ಮಾಡಬೇಕು. ತಟ್ಟಿದ ಕ್ಷಣ ಬಿಡಬೇಕು. ಬ್ರೆಜಿಲಿಯನ್ ಜಿಯು-ಜಿತ್ಸು, ಕುಸ್ತಿ, ಜೂಡೊ, ಸ್ಯಾಂಬೊ, ಕ್ಯಾಚ್ ರೆಸ್ಲಿಂಗ್ ಎಲ್ಲದರ ನೀರೂ ಇಲ್ಲಿಗೆ ಹರಿದುಬಂದಿದೆ. ಜಿಯು-ಜಿತ್ಸುವಿನ ದಪ್ಪ ಅಂಗಿಯಾದ ‘ಗಿ’ ತೊಡದೆ ಆಡುವುದರಿಂದ ಇದನ್ನು ನೋ-ಗಿ ಎಂದೂ ಕರೆಯುತ್ತಾರೆ.

ಈ ವಿದ್ಯೆ ಬೆಳೆದದ್ದೇ ಪ್ರಯಾಣದಿಂದ ಎನ್ನುವುದನ್ನು ಮರೆಯುವಂತಿಲ್ಲ. ಜಪಾನಿನ ಜೂಡೊಪಟು ಮಿತ್ಸುಯೊ ಮಯೆಡಾ 1904ರಲ್ಲಿ ತನ್ನ ನೆಲ ಬಿಟ್ಟು, ಹಲವು ದೇಶಗಳಲ್ಲಿ ಸೆಣಸಿ, 1914ರಲ್ಲಿ ಬ್ರೆಜಿಲ್ ತಲುಪಿದ. ಅವನು ನೆಲೆಸಿದ ಬೆಲೆಮ್ ನಗರದಲ್ಲಿ ಕಾರ್ಲೋಸ್ ಗ್ರೇಸಿಗೆ ಈ ವಿದ್ಯೆ ದಕ್ಕಿತು. ಮುಂದೆ ಗ್ರೇಸಿ ಕುಟುಂಬ ಅದನ್ನು ನೆಲದ ಮೇಲಿನ ಹೋರಾಟವಾಗಿ ಹದಗೊಳಿಸಿತು. 1951ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊಪಟು ಮಸಾಹಿಕೊ ಕಿಮುರಾ, ಕಾರ್ಲೋಸ್‌ನ ತಮ್ಮ ಎಲಿಯೊ ಗ್ರೇಸಿಯ ತೋಳನ್ನು ತಿರುಚಿ ಗೆದ್ದದ್ದೂ ಕಡಲು ದಾಟಿ ಬಂದವನೊಬ್ಬ ಕಲಿಸಿಹೋದ ಪಾಠವೇ. ಮುಂದಿನ ತಲೆಮಾರಿನಲ್ಲಿ ಗ್ರೇಸಿಗಳು, ಅವರ ಬಂಧುಗಳಾದ ಮಚಾಡೊಗಳು ಅಮೆರಿಕಕ್ಕೆ ಹೋದರು. 1998ರಲ್ಲಿ ಅಬುಧಾಬಿಯ ಶೇಖ್ ತಹ್ನೂನ್ ಬಿನ್ ಜಾಯೆದ್ ಅಲ್ ನಹ್ಯಾನ್ ಎಡಿಸಿಸಿ ಆರಂಭಿಸಿದ್ದು ಬೇರೆ ಬೇರೆ ಶೈಲಿಯವರನ್ನು ಒಂದೇ ನಿಯಮದಡಿ ಸೆಣಸಾಡಿಸಲೆಂದೇ. ಆ ಕೂಟ ಆಮೇಲೆ ಸಾವೊ ಪಾಲೊ, ಬಾರ್ಸಿಲೋನಾ, ನಾಟಿಂಗ್‌ಹ್ಯಾಮ್, ಬೀಜಿಂಗ್, ಫಿನ್ಲೆಂಡಿನ ಎಸ್ಪೊ ಎಂದು ಊರೂರು ಸುತ್ತಿದೆ.

ಕಾಲಿನ ಪಟ್ಟುಗಳ ಕಥೆಯಂತೂ ಈ ವಿಷಯಕ್ಕೆ ಕನ್ನಡಿ ಹಿಡಿಯುತ್ತದೆ. ಜಿಯು-ಜಿತ್ಸು ಲೋಕದಲ್ಲಿ ಬಹುಕಾಲ ಹಿಮ್ಮಡಿ, ಮೊಣಕಾಲು ತಿರುಚುವ ಪಟ್ಟುಗಳನ್ನು ಕೀಳಾಗಿ ಕಾಣುತ್ತಿದ್ದರು. ಹೆಚ್ಚಿನ ಸ್ಪರ್ಧೆಗಳಲ್ಲಿ ಅವಕ್ಕೆ ನಿಷೇಧವಿತ್ತು. 2003ರಲ್ಲಿ ಎಡಿಸಿಸಿಯ ಮುಕ್ತ ತೂಕ ವಿಭಾಗ ಗೆದ್ದ ಅಮೆರಿಕದ ಡೀನ್ ಲಿಸ್ಟರ್, ನ್ಯೂಯಾರ್ಕಿನ ರೆಂಜೊ ಗ್ರೇಸಿ ಅಕಾಡೆಮಿಗೆ ಅತಿಥಿಯಾಗಿ ಬಂದಾಗ, ದೇಹದ ಅರ್ಧ ಭಾಗವನ್ನು ಬಿಟ್ಟು ಕುಸ್ತಿ ಆಡುವುದೇಕೆ ಎಂಬ ಅರ್ಥದ ಪ್ರಶ್ನೆಯೊಂದನ್ನು ಜಾನ್ ಡ್ಯಾನಹರ್ ಮುಂದಿಟ್ಟರು. ನ್ಯೂಜಿಲೆಂಡಿನಲ್ಲಿ ಬೆಳೆದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಲು ನ್ಯೂಯಾರ್ಕಿಗೆ ಬಂದಿದ್ದ ಡ್ಯಾನಹರ್ ಆ ಪ್ರಶ್ನೆಯನ್ನು ವರ್ಷಗಟ್ಟಲೆ ಮಥಿಸಿದರು. ಮ್ಯಾನ್‌ಹಾಟನ್‌ನ ಆ ಅಕಾಡೆಮಿಯ ನೆಲಮಾಳಿಗೆಯಲ್ಲಿ, ಅವರ ತರಬೇತಿಯಲ್ಲಿ ಎಡ್ಡಿ ಕಮಿಂಗ್ಸ್, ಗ್ಯಾರಿ ಟೋನನ್, ಗಾರ್ಡನ್ ರಯಾನ್ ರೂಪುಗೊಂಡರು. ರಯಾನ್ 2017, 2019, 2022ರ ಎಡಿಸಿಸಿಗಳಲ್ಲಿ ಮೂರು ಬೇರೆ ಬೇರೆ ತೂಕ ವಿಭಾಗಗಳನ್ನು ಗೆದ್ದರು. ಅಲ್ಲಿ ಬಂದುಹೋದವನ ಪಾಲು ಒಂದು ಪ್ರಶ್ನೆ ಮಾತ್ರ. ಆ ಪ್ರಶ್ನೆ ಫಲ ಕೊಟ್ಟದ್ದು ದಿನಾ ಅಲ್ಲೇ ಬಿದ್ದು ಎದ್ದು, ಪರಸ್ಪರರ ಮೇಲೆ ಪ್ರಯೋಗ ಮಾಡಿದ ನಾಲ್ಕಾರು ಮಂದಿಯಿಂದ. ವಿದೇಶ ತರಬೇತಿಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಲೆಕ್ಕಾಚಾರ ನೆನಪಾಗುತ್ತದೆ.

ಹಾಗಾದರೆ ಹೆಸರಾಂತ ಗರಡಿಯಲ್ಲಿ ಸಿಗುವುದೇನು?

ತಂತ್ರ ಅಂತೂ ಅಲ್ಲಿ ಬಚ್ಚಿಟ್ಟುಕೊಂಡಿಲ್ಲ. ಡ್ಯಾನಹರ್, ರಯಾನ್, ಆಸ್ಟ್ರೇಲಿಯಾದ ಲಾಕ್ಲನ್ ಜೈಲ್ಸ್, ಜೋನ್ಸ್ ಎಲ್ಲರೂ ತಮ್ಮ ಪದ್ಧತಿಗಳನ್ನು ಗಂಟೆಗಟ್ಟಲೆ ವೀಡಿಯೊಗಳಲ್ಲಿ ಬಿಡಿಸಿಟ್ಟಿದ್ದಾರೆ. ಮೇಲ್ಮಟ್ಟದ ಪಂದ್ಯಗಳು ಮರುದಿನವೇ ನೋಡಲು ಸಿಗುತ್ತವೆ. 2024ರ ಸಿಜೆಐ ಅಂತೂ ಯೂಟ್ಯೂಬ್‌ನಲ್ಲಿ ಉಚಿತವಾಗಿ ನೇರ ಪ್ರಸಾರವಾಯಿತು. ಮನೆಯಲ್ಲಿ ಕೂತು ಕಲಿಯಲಾಗದ್ದು ಎದುರಿಗಿನ ದೇಹದ ಉತ್ತರ. ನೀವು ಹಿಮ್ಮಡಿ ಹಿಡಿದಾಗ, ಅದನ್ನು ನೂರಾರು ಸಲ ಎದುರಿಸಿದವನು ಮೊಣಕಾಲನ್ನು ಯಾವ ಕ್ಷಣಕ್ಕೆ ಹೇಗೆ ಜಾರಿಸುತ್ತಾನೆ ಎಂಬುದನ್ನು ಯಾವ ವೀಡಿಯೊವೂ ನಿಮ್ಮ ಕೈಗೆ ಹೇಳಿಕೊಡಲಾರದು. ನಿಮ್ಮ ತೂಕದ, ನಿಮಗಿಂತ ತುಸು ಮೇಲಿನ ಮಟ್ಟದ ಹತ್ತು ಹದಿನೈದು ಮಂದಿ ಒಂದೇ ಕೋಣೆಯಲ್ಲಿ ದಿನಕ್ಕೆರಡು ಸಲ ಸಿಗುವುದೇ ಆಸ್ಟಿನ್ ಅಥವಾ ಸ್ಯಾನ್ ಡಿಯೇಗೊದ ನಿಜವಾದ ಸಂಪತ್ತು. ಸಣ್ಣ ಊರಿನ ಗರಡಿಯಲ್ಲಿ ಎಲ್ಲರ ಆಟವೂ ಎಲ್ಲರಿಗೂ ಬಾಯಿಪಾಠ. ಅಲ್ಲಿ ಗೆಲ್ಲುವ ಪಟ್ಟು ನಿಜಕ್ಕೂ ಒಳ್ಳೆಯದೋ, ಅಥವಾ ಇರುವ ಐದು ಜನರಿಗೆ ಅದರ ಮದ್ದು ಗೊತ್ತಿಲ್ಲವೋ ತಿಳಿಯುವುದಿಲ್ಲ.

ನಿಕೋಲಸ್ ಮೆರೆಗಾಲಿಯ ಉದಾಹರಣೆ ನೋಡಿ. ಗಿ ತೊಟ್ಟು ವಿಶ್ವ ಚಾಂಪಿಯನ್ ಆಗಿದ್ದ ಈ ಬ್ರೆಜಿಲಿಯನ್ 2022ರಲ್ಲಿ ಡ್ಯಾನಹರ್ ಬಳಿ ಆಸ್ಟಿನ್‌ಗೆ ಬಂದು ನೋ-ಗಿಗೆ ಹೊರಳಿದ. ಅದೇ ವರ್ಷದ ಎಡಿಸಿಸಿಯಲ್ಲಿ 99 ಕೆ.ಜಿ. ವಿಭಾಗದಲ್ಲಿ ಕಂಚು, ಮುಕ್ತ ತೂಕದಲ್ಲಿ ಬೆಳ್ಳಿ. ಸ್ಥಳ ಬದಲಾವಣೆಯ ಮಹಿಮೆ ಎಂದು ಇದನ್ನು ಹೊಗಳುವವರು ಆತ ಬರುವ ಮುಂಚೆಯೇ ಜಗತ್ತಿನ ಶ್ರೇಷ್ಠರಲ್ಲಿ ಒಬ್ಬನಾಗಿದ್ದ ಎಂಬುದನ್ನು ಬಿಟ್ಟುಬಿಡುತ್ತಾರೆ. ಆತ ಬಂದದ್ದು ಪ್ರವಾಸಿಯಾಗಿಯೂ ಅಲ್ಲ. ಅಲ್ಲಿನ ದಿನಚರಿಗೆ ಸೇರಿಕೊಂಡ, ತರಬೇತುದಾರ ಅವನಿಗಾಗಿ ಯೋಜನೆ ಹಾಕಿದ. ಎರಡು ವಾರಕ್ಕೆ ಬಂದವನಿಗೆ ಅದೇ ಕೋಣೆಯಲ್ಲಿ ಸಿಗುವುದು ಬೇರೆಯೇ. ಸಾಮಾನ್ಯ ತರಗತಿಗೆ ಪ್ರವೇಶ, ಸಂಜೆಯ ಗುಂಪಿನೊಂದಿಗೆ ಕೆಲವು ಸುತ್ತು, ವೃತ್ತಿಪರರ ಅಭ್ಯಾಸವನ್ನು ಗೋಡೆಗೊರಗಿ ನೋಡುವ ಅವಕಾಶ. ತಪ್ಪು ಗರಡಿಯದಲ್ಲ. ಮುಂದಿನ ತಿಂಗಳು ಪಂದ್ಯವಿರುವ ಸ್ಪರ್ಧಿಯ ಮೊಣಕಾಲನ್ನು ಗುರುತು ಪರಿಚಯವಿಲ್ಲದವರ ಕೈಗೆ ಯಾವ ತರಬೇತುದಾರನೂ ಕೊಡುವುದಿಲ್ಲ, ಕೊಡಲೂಬಾರದು.

ಅಂಥ ಕೋಣೆಗಳು ಶಾಶ್ವತವೂ ಅಲ್ಲ. ನ್ಯೂಯಾರ್ಕಿನ ಆ ತಂಡ ಪೋರ್ಟೊ ರಿಕೊಗೆ ಹೋಗಿ, 2021ರಲ್ಲಿ ಒಡೆದು, ನ್ಯೂ ವೇವ್ ಮತ್ತು ಬಿ-ಟೀಮ್ ಎಂಬ ಎರಡು ಬಣಗಳಾಗಿ ಆಸ್ಟಿನ್‌ನಲ್ಲಿ ಬೇರೂರಿತು. ಹಿಂದಿನ ವರ್ಷದ ವೀಡಿಯೊ ನೋಡಿ ಟಿಕೆಟ್ ತೆಗೆಸಿದವನು ತಲುಪುವ ಹೊತ್ತಿಗೆ ಅವನು ಯಾರಿಗಾಗಿ ಹೊರಟಿದ್ದನೋ ಅವರೇ ಬೇರೆ ಊರಿನಲ್ಲಿರಬಹುದು.

ಇದಕ್ಕೆ ಎದುರಾಗಿ ಆಸ್ಟ್ರೇಲಿಯಾವನ್ನು ಇಡುತ್ತೇನೆ. ಭೂಪಟದಲ್ಲಿ ಈ ಕ್ರೀಡೆಯ ಕೇಂದ್ರಗಳಿಗೆ ಅಷ್ಟು ದೂರವಿರುವ ದೇಶ ಇನ್ನೊಂದಿಲ್ಲ ಎನ್ನಬಹುದು. ಆದರೂ ಮೆಲ್ಬರ್ನ್‌ನಲ್ಲಿ ಫಿಸಿಯೊಥೆರಪಿ ಹಿನ್ನೆಲೆಯ ಲಾಕ್ಲನ್ ಜೈಲ್ಸ್ ತನ್ನ ಗರಡಿಯನ್ನು ಪ್ರಯೋಗಶಾಲೆಯಂತೆ ನಡೆಸಿದರು. ಅವರ ಶಿಷ್ಯ ಕ್ರೇಗ್ ಜೋನ್ಸ್ 2017ರ ಎಡಿಸಿಸಿಯಲ್ಲಿ ಹೆಚ್ಚಿನವರಿಗೆ ಹೆಸರೇ ಗೊತ್ತಿಲ್ಲದ ಸ್ಪರ್ಧಿಯಾಗಿ ಬಂದು ಬ್ರೆಜಿಲಿನ ಲಿಯಾಂಡ್ರೊ ಲೊ ಎಂಬ ದಿಗ್ಗಜನನ್ನು ತಟ್ಟಿಸಿದ. 2019ರಲ್ಲಿ ಸ್ವತಃ ಜೈಲ್ಸ್, 77 ಕೆ.ಜಿ. ವಿಭಾಗದ ಸಣ್ಣ ಆಳು, ಮುಕ್ತ ತೂಕಕ್ಕಿಳಿದು ಕೈನನ್ ಡುವಾರ್ಟೆ, ಪ್ಯಾಟ್ರಿಕ್ ಗೌಡಿಯೊ, ಮಹಮದ್ ಅಲಿ ಎಂಬ ಮೂವರು ಭಾರಿ ದೇಹದವರನ್ನು ಹೀಲ್ ಹುಕ್ ಎಂಬ, ಹಿಮ್ಮಡಿ ಹಿಡಿದು ಮೊಣಕಾಲು ತಿರುಚುವ ಪಟ್ಟಿನಿಂದ ಸೋಲಿಸಿ ಕಂಚು ಪಡೆದರು. ಆ ಪಂದ್ಯಗಳನ್ನು ನೋಡಿದಾಗಲೆಲ್ಲ ಈಗಲೂ ಮೈ ಜುಮ್ಮೆನ್ನುತ್ತದೆ. 2024ರಲ್ಲಿ ಅದೇ ದೇಶದ ಅಡೆಲ್ ಫೋರ್ನರಿನೊ 55 ಕೆ.ಜಿ. ವಿಭಾಗವನ್ನೂ ಮಹಿಳೆಯರ ಮುಕ್ತ ತೂಕವನ್ನೂ ಗೆದ್ದರು. ವೇಲ್ಸ್‌ನ ಫಿಯಾನ್ ಡೇವಿಸ್ 2022ರಲ್ಲಿ 60 ಕೆ.ಜಿ. ಚಿನ್ನ ಗೆದ್ದದ್ದು ಡಬ್ಲಿನ್‌ನ ಗರಡಿಯೊಂದರಲ್ಲಿ ಬೆಳೆದು.

ಇವರ್‍ಯಾರೂ ಪ್ರಯಾಣ ಮಾಡಲಿಲ್ಲವೆಂದಲ್ಲ. ಮಾಡಿದರು, ಜೋನ್ಸ್ ಆಮೇಲೆ ಆಸ್ಟಿನ್‌ನಲ್ಲೇ ಬಿ-ಟೀಮ್ ಕಟ್ಟಿದ. ಆದರೆ ಇವರ ಬೆಳವಣಿಗೆಯ ಮೂಲ ಒಂದು ಗಟ್ಟಿಯಾದ ತವರು ಕೋಣೆ. ಅಲ್ಲಿ ಹುಟ್ಟಿದ ಪ್ರಶ್ನೆಯನ್ನು ಹೊರಗೆ ಒಯ್ದರು, ಹೊರಗಿನ ಉತ್ತರವನ್ನು ಒಳಗೆ ತಂದು ಅರೆದರು. ಅಭ್ಯಾಸದ ವಿಧಾನವೂ ಊರಿನಷ್ಟೇ ಮುಖ್ಯ. ಅಮೆರಿಕದ ಮೇರಿಲೆಂಡ್‌ನಲ್ಲಿ ಗ್ರೆಗ್ ಸೌಡರ್ಸ್ ಪಟ್ಟುಗಳ ಒಣ ಕವಾಯತು ಬಿಟ್ಟು, ನಿರ್ದಿಷ್ಟ ಗುರಿ ಮತ್ತು ಮಿತಿ ಹಾಕಿದ ಪುಟ್ಟ ಆಟಗಳ ಮೂಲಕವೇ ಕಲಿಸುತ್ತಾರೆ. ಎದುರಾಳಿ ಸದಾ ಪ್ರತಿರೋಧ ಒಡ್ಡುತ್ತಲೇ ಇರುತ್ತಾನೆ. ಈ ಕ್ರಮ ಅನುಸರಿಸಲು ಮೇರಿಲೆಂಡ್‌ಗೆ ಹೋಗಬೇಕಿಲ್ಲ. ಎಂಟು ಜನ ಮತ್ತು ಒಪ್ಪುವ ತರಬೇತುದಾರ ಇದ್ದರೆ ಸಾಕು. ಅದೇ ರೀತಿ, ಎಡಿಸಿಸಿ ನಿಯಮದಲ್ಲಿ ಕೆಡವುವ ಶಕ್ತಿಗೆ ಇರುವ ಬೆಲೆ ನೋಡಿದರೆ, ದೂರದ ಜಿಯು-ಜಿತ್ಸು ಗರಡಿಗಿಂತ ಹತ್ತಿರದ ಕುಸ್ತಿ ಅಥವಾ ಜೂಡೊ ಕೋಣೆ ಹಲವರಿಗೆ ಹೆಚ್ಚು ಕೊಡುತ್ತದೆ. ಇದನ್ನು ಹೇಳಿದರೆ ಯುವಕರ ಮುಖ ಬಾಡುತ್ತದೆ, ಆದರೂ ಹೇಳಬೇಕು.

ಸ್ಪರ್ಧೆಯ ವಿಷಯಕ್ಕೆ ಬಂದರೆ ಪ್ರಯಾಣದ ಪರವಾದ ವಾದ ಬಹಳ ಗಟ್ಟಿಯಾಗುತ್ತದೆ. ನಾಲ್ಕು ತಿಂಗಳ ತರಬೇತಿ ಹೇಳದ ಸತ್ಯವನ್ನು ಅಪರಿಚಿತ ಎದುರಾಳಿಯ ಜೊತೆಗಿನ ಹತ್ತು ನಿಮಿಷ ಹೇಳಿಬಿಡುತ್ತದೆ. ಆದರೆ ಅದು ಯಾವ ನಿಯಮದ ಹತ್ತು ನಿಮಿಷ ಎಂಬುದನ್ನು ತಿಳಿಯದೆ ವಿಮಾನ ಹತ್ತುವವರೇ ಹೆಚ್ಚು. ಒಂದೇ ಕ್ರೀಡೆಯಂತೆ ಕಂಡರೂ ಇಲ್ಲಿ ನಿಯಮಾವಳಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಡಿಸಿಸಿ ವಿಶ್ವ ಕೂಟದ ಆರಂಭಿಕ ಸುತ್ತುಗಳಲ್ಲಿ ಮೊದಲರ್ಧದಲ್ಲಿ ಅಂಕವೇ ಇಲ್ಲ. ಸಾಹಸ ಮಾಡಿದವನಿಗೆ ಆಗ ಶಿಕ್ಷೆಯಿಲ್ಲ. ಅಂಕ ಎಣಿಕೆ ಶುರುವಾದ ಮೇಲೆ ತಾನಾಗಿ ಕೂತು ಗಾರ್ಡ್ ಎಳೆದುಕೊಂಡರೆ, ಅಂದರೆ ಎದುರಾಳಿಯನ್ನು ತನ್ನ ಕಾಲುಗಳ ಹಿಡಿತಕ್ಕೆ ಎಳೆದುಕೊಂಡರೆ, ಒಂದು ಅಂಕ ಕಡಿತ. ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಒಕ್ಕೂಟ, ಅಂದರೆ ಐಬಿಜೆಜೆಎಫ್‌ನಲ್ಲಿ ಗಾರ್ಡ್ ಎಳೆಯುವುದಕ್ಕೆ ದಂಡವಿಲ್ಲ. ಎದೆಯ ಮೇಲೆ ಕೂರುವ ಮೌಂಟ್‌ಗೆ ಐಬಿಜೆಜೆಎಫ್ ನಾಲ್ಕು ಅಂಕ ಕೊಟ್ಟರೆ ಎಡಿಸಿಸಿ ಕೊಡುವುದು ಎರಡೇ. ಪಟ್ಟಿನಲ್ಲಿ ಸಿಕ್ಕವನು ಎದುರಾಳಿಯನ್ನು ಎತ್ತಿ ನೆಲಕ್ಕೆ ಕುಕ್ಕುವುದು ಎಡಿಸಿಸಿಯಲ್ಲಿ ಸಮ್ಮತ, ಐಬಿಜೆಜೆಎಫ್‌ನಲ್ಲಿ ನಿಷಿದ್ಧ. ಹೀಲ್ ಹುಕ್‌ಗೆ ಐಬಿಜೆಜೆಎಫ್ 2021ರಲ್ಲಿ ಬಾಗಿಲು ತೆರೆದದ್ದು ನೋ-ಗಿಯ ವಯಸ್ಕ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್‌ಗಳಿಗೆ ಮಾತ್ರ. ಅಮೆರಿಕದ ಎಡ್ಡಿ ಬ್ರಾವೊ 2014ರಲ್ಲಿ ಶುರುಮಾಡಿದ ಎಡ್ಡಿ ಬ್ರಾವೊ ಇನ್ವಿಟೇಷನಲ್‌ನ (ಇಬಿಐ) ಪದ್ಧತಿಯಲ್ಲಿ ಅಂಕಗಳೇ ಇಲ್ಲ. ಸಮಯ ಮುಗಿದರೆ ಇಬ್ಬರೂ ಸರದಿಯಲ್ಲಿ ಬೆನ್ನ ಹಿಂದಿನಿಂದ ಅಥವಾ ತೋಳಿನ ಪಟ್ಟಿನಿಂದ ಆರಂಭಿಸಿ ಯಾರು ಬೇಗ ಬಿಡಿಸಿಕೊಂಡರು ಎಂಬುದು ಲೆಕ್ಕಕ್ಕೆ ಬರುತ್ತದೆ. ಜಪಾನಿನ ಹೋರಾಟಗಾರ ಕಜುಶಿ ಸಕುರಾಬಾ 2018ರಲ್ಲಿ ಆರಂಭಿಸಿದ ಕ್ವಿಂಟೆಟ್‌ನಲ್ಲಿ ಐದೈದು ಜನರ ತಂಡ, ಗೆದ್ದವನು ಮುಂದಿನವನನ್ನು ಎದುರಿಸುತ್ತಾ ಹೋಗಬೇಕು.

ಆದ್ದರಿಂದ ಮೊದಲ ವಿದೇಶಿ ಸ್ಪರ್ಧೆಗೆ ಎಡಿಸಿಸಿಯ ಅರ್ಹತಾ ಕೂಟವಾದ ಟ್ರಯಲ್ಸ್ ಆರಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಪುರುಷರ ಪ್ರತಿ ತೂಕದಲ್ಲೂ ವಿಶ್ವ ಕೂಟಕ್ಕೆ 16 ಸ್ಥಾನ. ಪ್ರಾಂತ್ಯವಾರು ಟ್ರಯಲ್ಸ್ ಗೆದ್ದವರಿಗೆ ನೇರ ಪ್ರವೇಶ, ಉಳಿದ ಸ್ಥಾನಗಳು ಹಿಂದಿನ ಚಾಂಪಿಯನ್‌ಗಳಿಗೂ ಆಹ್ವಾನಿತರಿಗೂ. ಟ್ರಯಲ್ಸ್‌ನಲ್ಲಿ ಒಮ್ಮೆ ಸೋತರೆ ಕಥೆ ಮುಗಿಯಿತು. ಸಾವಿರಾರು ಕಿಲೋಮೀಟರ್ ಹಾರಿ, ಆರು ನಿಮಿಷ ಆಡಿ, ಸೋತು ಪ್ರೇಕ್ಷಕರ ಸಾಲಿಗೆ ಹೋಗಿ ಕೂರುವುದರಿಂದ ಆಗುವ ಕಲಿಕೆ ಬಹಳ ಕಡಿಮೆ, ಖರ್ಚು ಬಹಳ ಹೆಚ್ಚು. ಗ್ರ್ಯಾಪ್ಲಿಂಗ್ ಇಂಡಸ್ಟ್ರೀಸ್‌ನಂಥ ಕೂಟಗಳಲ್ಲಿ ಒಬ್ಬರು ಗುಂಪಿನ ಎಲ್ಲರ ಜೊತೆಯೂ ಆಡುವ ಪದ್ಧತಿಯಿದೆ. ಅಲ್ಲಿ ಸೋತರೂ ಮುಂದಿನ ಪಂದ್ಯ ಕಾದಿರುತ್ತದೆ. ಒಂದೇ ದಿನ ನಾಲ್ಕೈದು ಅಪರಿಚಿತ ದೇಹಗಳ ಜೊತೆ ಸೆಣಸಿದವನಿಗೆ ತನ್ನ ಆಟದ ತೂತು ಎಲ್ಲಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ.

ದೇಹದ ಗಡಿಯಾರದ ವಿಚಾರವನ್ನು ಅನುಭವಿಗಳೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ದಾಟಿದ ಪ್ರತಿ ಒಂದು ಗಂಟೆಯ ಕಾಲವಲಯಕ್ಕೆ ಹೊಂದಿಕೊಳ್ಳಲು ಸುಮಾರು ಒಂದು ದಿನ ಬೇಕು ಎಂಬುದು ಕ್ರೀಡಾ ವೈದ್ಯರ ಸಾಮಾನ್ಯ ಲೆಕ್ಕ. ಪೂರ್ವಕ್ಕೆ ಹಾರಿದರೆ ಪಶ್ಚಿಮಕ್ಕಿಂತ ಕಷ್ಟ. ದೀರ್ಘ ವಿಮಾನಯಾನದಲ್ಲಿ ಕಾಲು ಊದುತ್ತದೆ, ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಐಬಿಜೆಜೆಎಫ್‌ನಲ್ಲಿ ಮೊದಲ ಪಂದ್ಯಕ್ಕೆ ಸ್ವಲ್ಪವೇ ಮುಂಚೆ, ಆಡುವ ಉಡುಪಿನಲ್ಲೇ ತೂಕ ನೋಡುತ್ತಾರೆ, ಮತ್ತೊಂದು ಅವಕಾಶವಿಲ್ಲ. ಊರಿನಲ್ಲಿ ಸರಿಯಾಗಿದ್ದ ತೂಕ ಅಲ್ಲಿ ಅರ್ಧ ಕಿಲೋ ಹೆಚ್ಚಿ, ಒಂದು ಪಂದ್ಯವನ್ನೂ ಆಡದೆ ಮರಳಿದವರಿದ್ದಾರೆ. ದೂರದ ಪ್ರಯಾಣಕ್ಕೆ ತೂಕ ಇಳಿಸುವ ಸಾಹಸವನ್ನು ಜೋಡಿಸಬಾರದು. ಮೇಲಿನ ವಿಭಾಗದಲ್ಲಿ ಹೊಟ್ಟೆ ತುಂಬಿಸಿಕೊಂಡು ಆಡುವುದು ಮೇಲು.

ಇನ್ನು ವೀಸಾ. ಗ್ರ್ಯಾಪ್ಲಿಂಗ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅನ್ಯಾಯದ ಬೇರು ಇಲ್ಲೇ ಇದೆ ಎನ್ನುವುದು ನನ್ನ ಮಾತು.

ಯುರೋಪಿನ ಹಲವು ದೇಶಗಳು ಸೇರಿದ ಷೆಂಗೆನ್ ಪ್ರದೇಶದಲ್ಲಿ ಸಂದರ್ಶಕರಾಗಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಕೆಲವು ದೇಶಗಳವರಿಗೆ ಆ 90 ದಿನ ಗಡಿಯಲ್ಲೇ ಮುಗಿಯುವ ಒಂದು ದಾಖಲಾತಿ. ಇತರರಿಗೆ ಬ್ಯಾಂಕ್ ದಾಖಲೆ, ವಿಮೆ, ಮರಳುವ ಟಿಕೆಟ್, ಸಂದರ್ಶನ, ಅನಿಶ್ಚಿತ ಕಾಯುವಿಕೆ. ಅಮೆರಿಕದ್ದೂ ಇದೇ ಕಥೆ. ವೀಸಾ ವಿನಾಯಿತಿಯ ದೇಶದವನು ಆನ್‌ಲೈನ್ ಅನುಮತಿ ಪಡೆದು 90 ದಿನಗಳವರೆಗೆ ಹೋಗಿಬರಬಹುದು; ಉಳಿದವರು ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಸಂಬಳವಿಲ್ಲದೆ, ಬರೀ ಬಹುಮಾನದ ಹಣಕ್ಕಾಗಿ ಸ್ಪರ್ಧಿಸುವ ಕ್ರೀಡಾಪಟುವಿಗೆ ಅಮೆರಿಕದ ಸಂದರ್ಶಕ ವೀಸಾದಲ್ಲೇ ದಾರಿಯಿದೆ. ಆದರೆ ಅಲ್ಲಿಯ ಗರಡಿಯಲ್ಲಿ ಹಣ ಪಡೆದು ಒಂದು ತರಗತಿ ಕಲಿಸಿದರೂ ಅದು ಕೆಲಸವಾಗುತ್ತದೆ, ಅದಕ್ಕೆ ಅನುಮತಿಯಿಲ್ಲ. ಅಂತರರಾಷ್ಟ್ರೀಯ ಮನ್ನಣೆಯಿರುವ ಆಟಗಾರರಿಗೆ ಪಿ-1, ಅಸಾಧಾರಣ ಸಾಧನೆಯವರಿಗೆ ಒ-1 ಎಂಬ ವೀಸಾಗಳಿವೆ. ಅವನ್ನು ಪಡೆಯಲು ಮೊದಲೇ ಮೇಲ್ಮಟ್ಟದ ಸಾಧನೆ ತೋರಿಸಬೇಕು. ಆ ಸಾಧನೆ ಮಾಡಲು ಮೊದಲೇ ಪ್ರಯಾಣ ಮಾಡಿರಬೇಕು. ನಿಯಮಗಳು ಬದಲಾಗುತ್ತಲೂ ಇರುತ್ತವೆ: 2025ರ ಏಪ್ರಿಲ್‌ನಿಂದ ಬ್ರೆಜಿಲ್ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಿಗೆ ಮತ್ತೆ ವೀಸಾ ಕಡ್ಡಾಯ ಮಾಡಿತು. ಥಾಯ್ಲೆಂಡ್ 2024ರಲ್ಲಿ ತಂದ ಹೊಸ ದೀರ್ಘಾವಧಿ ವೀಸಾದ ಕಾರಣಗಳಲ್ಲಿ ಮುಯೆ ಥಾಯ್ ಕಲಿಕೆಯೂ ಸೇರಿದೆ.

ಇಬ್ಬರನ್ನು ಆರಿಸಿ ಏರ್ಪಡಿಸುವ ಒಂಟಿ ಪಂದ್ಯಗಳಾದ ವೃತ್ತಿಪರ ಸೂಪರ್‌ಫೈಟ್‌ಗಳ ಲೋಕದಲ್ಲಿ ಈ ಅಂತರ ಇನ್ನೂ ಕ್ರೂರ. ಗಾಯದಿಂದ ಯಾರೋ ಹಿಂದೆ ಸರಿದಾಗ ಎರಡು ಮೂರು ವಾರದ ಸೂಚನೆಯಲ್ಲಿ ಬದಲಿ ಸ್ಪರ್ಧಿಯನ್ನು ಹುಡುಕುತ್ತಾರೆ. ಹೆಸರಿಲ್ಲದವನಿಗೆ ಹೆಸರು ಬರುವ ಬಾಗಿಲು ಅದು. ಆ ಕರೆ ಬಂದಾಗ ಮರುದಿನವೇ ವಿಮಾನ ಹತ್ತಬಲ್ಲವನಿಗೂ ದೂತಾವಾಸದ ದಿನಾಂಕಕ್ಕೆ ಕಾಯಬೇಕಾದವನಿಗೂ ನಡುವಿನ ವ್ಯತ್ಯಾಸವನ್ನು ಯಾವ ಹೀಲ್ ಹುಕ್ ಕೂಡ ತುಂಬಲಾರದು. ಆಯೋಜಕರಿಗೂ ಇದು ಗೊತ್ತು. ಆದ್ದರಿಂದ ಅವರು ಕರೆ ಮಾಡುವುದೇ ಸುಲಭವಾಗಿ ಬರಬಲ್ಲವರಿಗೆ.

ಗಾಯದ ಮಾತನ್ನು ಬಿಟ್ಟರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಹೀಲ್ ಹುಕ್‌ನಲ್ಲಿ ಹಿಮ್ಮಡಿಯನ್ನು ಹಿಡಿಕೆಯಾಗಿಸಿ ಮೊಣಕಾಲನ್ನೇ ತಿರುಚುತ್ತಾರೆ. ತೋಳಿನ ಪಟ್ಟಿನಲ್ಲಿ ನೋವು ಮುನ್ನೆಚ್ಚರಿಕೆ ಕೊಡುತ್ತದೆ; ಇಲ್ಲಿ ನೋವು ತಿಳಿಯುವ ಹೊತ್ತಿಗೆ ಅಸ್ಥಿರಜ್ಜು ಹರಿದಿರಬಹುದು. ಮೊಣಕಾಲಿನ ಮುಖ್ಯ ಅಸ್ಥಿರಜ್ಜಾದ ಎಸಿಎಲ್ ಹರಿದು ಶಸ್ತ್ರಚಿಕಿತ್ಸೆ ಮಾಡಿಸಿದರೆ ಮತ್ತೆ ಮ್ಯಾಟ್‌ಗೆ ಬರಲು ಒಂಬತ್ತರಿಂದ ಹನ್ನೆರಡು ತಿಂಗಳು. ಹೊಸ ಕೋಣೆಯಲ್ಲಿ ಅಪಾಯ ಹೆಚ್ಚು, ಏಕೆಂದರೆ ಅಲ್ಲಿನ ಸಂಪ್ರದಾಯ ನಿಮಗೆ ಗೊತ್ತಿಲ್ಲ: ಇವರು ಹಿಡಿದು ಕಾಯುವವರೋ, ಹಿಡಿದ ಕೂಡಲೇ ತಿರುಚುವವರೋ? ಜೊತೆಗೆ ದೂರದಿಂದ ಬಂದವನಿಗೆ ತನ್ನನ್ನು ಸಾಬೀತು ಮಾಡುವ ಹಟ. ತಟ್ಟಬೇಕಾದಲ್ಲಿ ತಟ್ಟುವುದಿಲ್ಲ. ಅನೇಕ ಪ್ರವಾಸ ವಿಮೆಗಳು ಸೆಣಸಾಟದ ಕ್ರೀಡೆಗಳನ್ನು ಹೊರಗಿಡುತ್ತವೆ. ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದದೆ ಹೋದವರು ಬೇರೆ ದೇಶದ ಆಸ್ಪತ್ರೆಯ ಬಿಲ್ ನೋಡಿ ಕುಸಿಯುತ್ತಾರೆ. ಹುಳುಕಡ್ಡಿ, ಸ್ಟ್ಯಾಫ್‌ನಂಥ ಚರ್ಮದ ಸೋಂಕುಗಳೂ ಗರಡಿಯಿಂದ ಗರಡಿಗೆ ದಾಟುತ್ತವೆ. ಮೂರು ವಾರದ ಪ್ರವಾಸದಲ್ಲಿ ಒಂದು ಸ್ಟ್ಯಾಫ್ ಸೋಂಕು ಎರಡು ವಾರ ನುಂಗಬಲ್ಲದು.

ಮೊದಲ ವಾರ ದಿನಕ್ಕೆರಡು ಸಲ ಅಭ್ಯಾಸ ಮಾಡಲೇಬೇಡಿ ಎಂದು ನಾನು ಹೇಳುವುದು ಇದಕ್ಕೇ. ಹೊಟ್ಟೆಕಿಚ್ಚಿನಂತೆ ಕಾಡುವ ‘ಇಷ್ಟು ದೂರ ಬಂದು ಸುಮ್ಮನಿರುವುದೇ’ ಎಂಬ ಭಾವನೆ ಎಷ್ಟೋ ಒಳ್ಳೆಯ ಮೊಣಕಾಲುಗಳನ್ನು ಹಾಳುಮಾಡಿದೆ.

ಇನ್ನೊಂದು ಅಪಾಯ ಮೈಗೆ ಕಾಣುವಂಥದ್ದಲ್ಲ. ತರಬೇತಿಗಾಗಿ ಹೋದವನು, ವಿಶೇಷವಾಗಿ ಹದಿಹರೆಯದವರು ಮತ್ತು ಒಂಟಿ ಮಹಿಳೆಯರು, ಅಲ್ಲಿ ಎಲ್ಲದಕ್ಕೂ ಒಬ್ಬನೇ ವ್ಯಕ್ತಿಯನ್ನು ಅವಲಂಬಿಸುವ ಸ್ಥಿತಿ ಬರಬಹುದು: ಮಲಗಲು ಜಾಗ ಕೊಟ್ಟವನೂ ತರಬೇತುದಾರ, ಶುಲ್ಕ ಮನ್ನಾ ಮಾಡಿದವನೂ ಅವನೇ, ಬೆಲ್ಟ್ ಕೊಡುವವನೂ ಸ್ಪರ್ಧೆಗೆ ಹೆಸರು ಕಳಿಸುವವನೂ ಅವನೇ. ಅಧಿಕಾರ ಇಷ್ಟು ಒಂದೇ ಕೈಯಲ್ಲಿ ಸೇರಿದಾಗ ಒಳ್ಳೆಯವರೂ ಜಾರಬಹುದು, ಕೆಟ್ಟವರಿಗಂತೂ ಹಬ್ಬ. ಈ ಕ್ರೀಡೆಗೆ ಎಲ್ಲರಿಗೂ ಅನ್ವಯಿಸುವ ಒಂದೇ ಆಡಳಿತ ಸಂಸ್ಥೆಯಿಲ್ಲ. ಒಂದು ಗರಡಿಯಿಂದ ಹೊರಹಾಕಲ್ಪಟ್ಟವನು ಮುಂದಿನ ಬೀದಿಯಲ್ಲಿ ಹೊಸ ಫಲಕ ಹಾಕಬಹುದು. ಆದ್ದರಿಂದ ವಾಸ್ತವ್ಯವನ್ನು ಗರಡಿಯಿಂದ ಬೇರೆಯಾಗಿಯೇ ಮಾಡಿಕೊಳ್ಳಿ, ಮರಳುವ ಟಿಕೆಟ್ ನಿಮ್ಮ ಕೈಯಲ್ಲೇ ಇರಲಿ, ಅಲ್ಲಿ ಮುಂಚೆ ಇದ್ದುಬಂದ ಮಹಿಳೆಯರನ್ನು ನೇರವಾಗಿ ಕೇಳಿ. ಅಲ್ಲಿನ ಮಹಿಳಾ ಸ್ಪರ್ಧಿಗಳು ವರ್ಷಗಟ್ಟಲೆ ಉಳಿದಿದ್ದಾರೆಯೇ ಅಥವಾ ಬಂದು ಬಂದು ಹೋಗುತ್ತಿದ್ದಾರೆಯೇ ಎನ್ನುವುದು ಚಾಂಪಿಯನ್‌ಗಳ ಫೋಟೊಗಳಿಗಿಂತ ಹೆಚ್ಚು ಹೇಳುತ್ತದೆ.

ಹಣದ ಲೆಕ್ಕ ಬೇಗ ಮುಗಿಯುತ್ತದೆ, ಏಕೆಂದರೆ ಅದು ಬಹುಪಾಲು ಜನರಿಗೆ ಕೂಡಿಬರುವುದೇ ಇಲ್ಲ. 10 ಲಕ್ಷ ಡಾಲರ್ ಗೆದ್ದವರು 2024ರಲ್ಲಿ ಇಬ್ಬರು, ಕೇಡ್ ರುಓಟೊಲೊ ಮತ್ತು ನಿಕ್ ರೊಡ್ರಿಗಸ್. ಉಳಿದ ವೃತ್ತಿಪರರ ಅನ್ನ ಬರುವುದು ಕಲಿಸುವುದರಿಂದ, ಸೆಮಿನಾರುಗಳಿಂದ, ವೀಡಿಯೊ ಮಾರಾಟದಿಂದ. ಸ್ಪರ್ಧೆ ಅವರ ಹೆಸರಿನ ಜಾಹೀರಾತು. ಹಾಗಾಗಿ ವಿದೇಶ ಪ್ರವಾಸವನ್ನು ಬಂಡವಾಳ ಹೂಡಿಕೆ ಎಂದುಕೊಂಡು ಸಾಲ ಮಾಡುವುದು ದುಡುಕು. ಅದನ್ನು ಕಲಿಕೆಯ ಖರ್ಚು ಎಂದೇ ನೋಡಬೇಕು, ಆ ಖರ್ಚಿಗೆ ಏನು ಬಂತು ಎಂದು ಗಟ್ಟಿಯಾಗಿ ಕೇಳಿಕೊಳ್ಳಬೇಕು.

ಹಾಗಾದರೆ ಹೋಗುವವರು ಹೇಗೆ ಹೋಗಬೇಕು? ನನ್ನ ಅನಿಸಿಕೆಯಲ್ಲಿ ಮೊದಲು ಸ್ಪರ್ಧೆ, ಆಮೇಲೆ ತರಬೇತಿ. ಹತ್ತಿರದ ದೇಶವೊಂದರಲ್ಲಿ ಹೆಚ್ಚು ಪಂದ್ಯ ಸಿಗುವ ಕೂಟಕ್ಕೆ ಹೋಗಿ, ಆಡಿ, ಪಂದ್ಯಗಳ ವೀಡಿಯೊ ತಂದು ತವರಿನ ತರಬೇತುದಾರನ ಜೊತೆ ಕೂತು ನೋಡಿ. ಎಲ್ಲಿ ಸೋಲುತ್ತಿದ್ದೀರಿ ಎಂಬುದು ಖಚಿತವಾದ ಮೇಲೆ, ಆ ಒಂದು ಸಮಸ್ಯೆಯನ್ನು ಚೆನ್ನಾಗಿ ಬಿಡಿಸಬಲ್ಲ ಕೋಣೆ ಯಾವುದು ಎಂದು ಹುಡುಕಿ. ಕೆಡವಲು ಬಾರದಿದ್ದರೆ ಅದು ಕುಸ್ತಿ ಕೋಣೆಯಾಗಿರಬಹುದು, ಕಾಲಿನ ಪಟ್ಟಿನಿಂದ ಬಿಡಿಸಿಕೊಳ್ಳಲು ಬಾರದಿದ್ದರೆ ಬೇರೆಡೆ. ಹೋದಮೇಲೆ ನಾಲ್ಕು ಗರಡಿ ಸುತ್ತದೆ ಒಂದೇ ಕಡೆ ಆರೇಳು ವಾರ ಕೂರಬೇಕು. ಮೊದಲ ಎರಡು ವಾರ ಅಲ್ಲಿನವರು ನಿಮ್ಮನ್ನು ಅಳೆಯುತ್ತಾರೆ. ನೀವು ಯಾರಿಗೂ ಗಾಯ ಮಾಡದವರು, ನಾಳೆಯೂ ಬರುವವರು ಎಂದು ನಂಬಿಕೆ ಬಂದ ಮೇಲೆ ಮಾತ್ರ ನಿಜವಾದ ಸುತ್ತುಗಳು ಸಿಗುತ್ತವೆ. ಮರಳಿದ ಮೇಲೆ ಕಲಿತದ್ದನ್ನು ತವರಿನ ಕೋಣೆಗೆ ಹಂಚದಿದ್ದರೆ ಅದು ಆರು ತಿಂಗಳಲ್ಲಿ ಕರಗುತ್ತದೆ, ಏಕೆಂದರೆ ಅದನ್ನು ಎದುರಿಸಿ ಹರಿತ ಮಾಡುವವರೇ ಅಲ್ಲಿ ಇರುವುದಿಲ್ಲ.

ಆಯೋಜಕರ ಪಾಲಿನ ಕೆಲಸ ಇನ್ನೂ ದೊಡ್ಡದು. 2019, 2022, 2024ರ ಸತತ ಮೂರು ಎಡಿಸಿಸಿ ವಿಶ್ವ ಕೂಟಗಳೂ ಅಮೆರಿಕದಲ್ಲೇ ನಡೆದವು. ಸಿಜೆಐ ಹುಟ್ಟಿದ್ದೂ ಅಲ್ಲೇ. ಟಿಕೆಟ್ ಮಾರಾಟದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಟ್ರಯಲ್ಸ್ ಗೆದ್ದವನೂ ಕೊನೆಗೆ ವೀಸಾ ಅಧಿಕಾರಿಯ ಮುಂದೆ ಮತ್ತೊಂದು ಟ್ರಯಲ್ಸ್ ಆಡಬೇಕಾಗುತ್ತದೆ. ಏಷ್ಯಾ ಮತ್ತು ಓಷಿಯಾನಿಯಾವನ್ನು ಒಂದೇ ಪ್ರಾಂತ್ಯ ಎಂದೂ, ಯುರೋಪ್, ಮಧ್ಯಪ್ರಾಚ್ಯ, ಇಡೀ ಆಫ್ರಿಕಾವನ್ನು ಇನ್ನೊಂದು ಪ್ರಾಂತ್ಯ ಎಂದೂ ಕಟ್ಟಿದ್ದ 2024ರ ವ್ಯವಸ್ಥೆಯಲ್ಲಿ ಆಫ್ರಿಕಾದ ಸ್ಪರ್ಧಿ ಯುರೋಪಿನ ವೀಸಾ ಪಡೆದು, ಪೋಲೆಂಡಿನಂಥ ಬಲಾಢ್ಯ ದೇಶಗಳ ದಂಡಿನ ಎದುರು ಪ್ರತಿ ಟ್ರಯಲ್ಸ್‌ನ ಒಂದೇ ಸ್ಥಾನಕ್ಕೆ ಸೆಣಸಬೇಕಿತ್ತು. ಆಫ್ರಿಕಾಕ್ಕೆ ಪ್ರತ್ಯೇಕ ಟ್ರಯಲ್ಸ್, ಏಷ್ಯಾದೊಳಗೆ ಕನಿಷ್ಠ ಎರಡು ಕಡೆ ಅರ್ಹತಾ ಸುತ್ತು, ಗೆದ್ದವರಿಗೆ ಆಹ್ವಾನ ಪತ್ರ ಮತ್ತು ವೀಸಾ ನೆರವು ತಿಂಗಳುಗಳ ಮೊದಲೇ ಸಿಗುವ ವ್ಯವಸ್ಥೆ: ಇವು ಲಕ್ಷಗಟ್ಟಲೆ ಡಾಲರ್ ಬಹುಮಾನ ಹಂಚಬಲ್ಲ ಕ್ರೀಡೆಗೆ ಭಾರವಾಗುವಂಥವಲ್ಲ. ವಿಶ್ವ ಕೂಟವನ್ನೇ ಬಾರ್ಸಿಲೋನಾ, ಬೀಜಿಂಗ್, ಎಸ್ಪೊಗೆ ಒಯ್ದ ಎಡಿಸಿಸಿಗೆ ಅದನ್ನು ಮತ್ತೆ ಒಯ್ಯುವುದು ಹೇಗೆಂದು ಯಾರೂ ಹೇಳಿಕೊಡಬೇಕಿಲ್ಲ.